ಮೂರು ದಿನಗಳ ಆತಿಥ್ಯ: ಕರಾವಳಿಯ ಮೂರು ಬಂದರುಗಳು ಮತ್ತು ಒಬ್ಬ ಯಾತ್ರಿಕ

ಅತಿಥಿಯನ್ನು ಗೌರವಿಸುವುದು ಈಮಾನಿನ ಲಕ್ಷಣವೆಂದು ಕಲಿಸಿದ ಪ್ರವಾದಿ ಮುಹಮ್ಮದ್(ಸ)ರು ಆತಿಥ್ಯಕ್ಕೆ ಒಂದು ಅವಧಿಯನ್ನೂ ಗೊತ್ತುಪಡಿಸಿದರು. ಅದು ಮೂರು ದಿನ. ಅದರಾಚೆಗೆ ಮಾಡುವುದೆಲ್ಲ ದಾನದ ಸಾಲಿಗೆ ಸೇರುತ್ತದೆ. ಮನೆಯವರು ಕಷ್ಟಕ್ಕೆ ಸಿಲುಕುವವರೆಗೂ ಅತಿಥಿಯು ಉಳಿದುಕೊಳ್ಳುವುದು ಸಲ್ಲದು. ಅಬೂ ಶುರೈಹ್(ರ)ರಿಂದ ವರದಿಯಾದ ಈ ಹದೀಸ್ ಬುಖಾರಿಯಲ್ಲೂ ಮುಸ್ಲಿಮ್‌ನಲ್ಲೂ ಇದೆ. ಪಾಠ ಹೇಳುವಾಗ ನಾವು ಕಂಡದ್ದೇನೆಂದರೆ, ಆತಿಥೇಯನ ಕರ್ತವ್ಯ ಹೇಳುವ ಮೊದಲ ಭಾಗ ಮಕ್ಕಳಿಗೆ ಬೇಗ ಬಾಯಿಪಾಠವಾಗುತ್ತದೆ. ಅತಿಥಿಯ ಕರ್ತವ್ಯ ಹೇಳುವ ಎರಡನೆಯ ಭಾಗ ಬೇಗ ಮರೆತುಹೋಗುತ್ತದೆ. ದೊಡ್ಡವರ ವಿಷಯವೂ ಬೇರೆಯಲ್ಲ.

ಈ ಮೂರು ದಿನಗಳ ಲೆಕ್ಕವನ್ನು ನಮ್ಮ ಕನ್ನಡ ಕರಾವಳಿಯ ಮೂರು ಊರುಗಳಲ್ಲಿ ಪಡೆದು, ಬರೆಸಿಟ್ಟು ಹೋದ ಯಾತ್ರಿಕನೊಬ್ಬನಿದ್ದಾನೆ. ಮೊರಾಕ್ಕೊದ ಇಬ್ನ್ ಬತೂತ. 1342ರಲ್ಲಿ ಸುಲ್ತಾನ ಮುಹಮ್ಮದ್ ಬಿನ್ ತುಘ್ಲಕನು ಅವನನ್ನು ಚೀನಾದ ಚಕ್ರವರ್ತಿಯ ಬಳಿಗೆ ರಾಯಭಾರಿಯಾಗಿ ಕಳುಹಿಸಿದನು. ದೆಹಲಿಯಿಂದ ಹೊರಟು ಗುಜರಾತಿನ ತೀರದಲ್ಲಿ ಹಡಗು ಹತ್ತಿದ ಅವನು ದಕ್ಷಿಣಕ್ಕೆ ಬರುತ್ತ ಹೊನ್ನಾವರ, ಬಾರ್ಕೂರು, ಮಂಗಳೂರುಗಳಲ್ಲಿ ಇಳಿದನು. ಮೂರು ಕಡೆಯೂ ಅವನ ವಾಸ್ತವ್ಯ ಮೂರು ಮೂರು ದಿನ.

ಇತ್ತೀಚೆಗೆ ಶುಕ್ರವಾರದ ರಜೆಗೆ ಶನಿವಾರ, ಭಾನುವಾರಗಳೂ ಕೂಡಿಬಂದಾಗ ನಾವು ನಂದಗಡದಿಂದ ಮಂಗಳೂರಿಗೆ, ಮದ್ರಸದಲ್ಲಿ ಜೊತೆಗೆ ಓದಿದ ಮಿತ್ರರ ಮನೆಗೆ ಹೋಗಿದ್ದೆವು. ನಮ್ಮ ಪಾಲಿಗೂ ಸಿಕ್ಕಿದ್ದು ಅಷ್ಟೇ ಅವಧಿ. ಹಳಿಯಾಳ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಅಂಕೋಲಾ ಸೇರಿದರೆ, ಅಲ್ಲಿಂದ ಮುಂದಿನ ಹೆದ್ದಾರಿಯು ಆ ಯಾತ್ರಿಕನ ಬಂದರುಗಳನ್ನು ಒಂದೊಂದಾಗಿ ಹಾದುಹೋಗುತ್ತದೆ.

ಮೊದಲು ಸಿಗುವುದು ಶರಾವತಿಯ ಅಳಿವೆಯಲ್ಲಿರುವ ಹೊನ್ನಾವರ. ಇಬ್ನ್ ಬತೂತನ ಅರಬಿಯಲ್ಲಿ ಅದು ಹಿನವ್ರ್. ಅಲ್ಲಿ ಆಗ ಆಳುತ್ತಿದ್ದವನು ಸುಲ್ತಾನ ಜಮಾಲುದ್ದೀನ್ ಮುಹಮ್ಮದ್ ಬಿನ್ ಹಸನ್. ಅವನು ಸ್ವತಂತ್ರನಲ್ಲ, ಹರ್ಯಬ್ ಎಂಬ ಹಿಂದೂ ಅರಸನ ಅಧೀನ. ಈ ಹರ್ಯಬ್ ವಿಜಯನಗರದ ಹರಿಹರನೇ ಎಂದು ಹಲವು ಇತಿಹಾಸಕಾರರು ಗುರುತಿಸುತ್ತಾರೆ. ಊರಿನ ಜನರು ಶಾಫಿಈ ಮಝ್‌ಹಬಿನವರು. ಕುರ್‌ಆನ್ ಕಲಿಸುತ್ತಿದ್ದ ಫಕೀಹ್ ಇಸ್ಮಾಈಲ್, ಖಾಝಿ ನೂರುದ್ದೀನ್ ಅಲಿ, ತಾವೇ ಕೈಯಾರೆ ಅಡುಗೆ ಮಾಡುತ್ತಿದ್ದ ಶೈಖ್ ಮುಹಮ್ಮದ್ ನಾಗೂರಿ, ಹೀಗೆ ಅಲ್ಲಿನ ಸಜ್ಜನರನ್ನು ಅವನು ಹೆಸರು ಹಿಡಿದು ನೆನೆಯುತ್ತಾನೆ. ಮಹಿಳೆಯರು ಹೊಲಿದ ಬಟ್ಟೆ ತೊಡುವುದಿಲ್ಲ, ಒಂದೇ ವಸ್ತ್ರದ ಒಂದು ತುದಿಯನ್ನು ಸೊಂಟಕ್ಕೆ ಸುತ್ತಿ ಇನ್ನೊಂದನ್ನು ತಲೆ ಮತ್ತು ಎದೆಯ ಮೇಲೆ ಹೊದೆಯುತ್ತಾರೆ ಎನ್ನುತ್ತಾನೆ. ಅದು ಸೀರೆಯಲ್ಲದೆ ಬೇರೇನು? ಮೂಗಿನಲ್ಲಿ ಚಿನ್ನದ ಬಳೆಯಂಥ ಆಭರಣವಿತ್ತಂತೆ. ಅವರೆಲ್ಲರಿಗೂ ಪವಿತ್ರ ಕುರ್‌ಆನ್ ಕಂಠಪಾಠವಿತ್ತಂತೆ.

ಆಮೇಲೆ ಬರುವುದು ನಮ್ಮ ಭಾಷಣಕಾರರಿಗೆಲ್ಲ ಪ್ರಿಯವಾದ ಮಾತು. ಆ ಊರಿನಲ್ಲಿ ಹೆಣ್ಣುಮಕ್ಕಳಿಗೆ ಕಲಿಸುವ 13 ಮಕ್ತಬ್‌ಗಳೂ ಗಂಡುಮಕ್ಕಳಿಗೆ ಕಲಿಸುವ 23 ಮಕ್ತಬ್‌ಗಳೂ ಇದ್ದುವು. ಇಂಥದನ್ನು ಬೇರೆಲ್ಲೂ ಕಾಣಲಿಲ್ಲ ಎಂದು ಅವನು ಹೇಳುತ್ತಾನೆ. ಹೇಳಿದವನು ಸಾಮಾನ್ಯನಲ್ಲ. ಕೈರೋ, ಡಮಾಸ್ಕಸ್, ಮಕ್ಕಾ, ಬಗ್ದಾದ್, ದೆಹಲಿಗಳನ್ನು ನೋಡಿ ಬಂದವನು, ದೆಹಲಿಯಲ್ಲಿ ಖಾಝಿಯಾಗಿದ್ದವನು. ಅಂಥವನಿಗೆ ಹೊಸದಾಗಿ ಕಂಡದ್ದು ಹೊನ್ನಾವರದ ಹೆಣ್ಣುಮಕ್ಕಳ ಶಾಲೆ.

ಈ ಸಂಖ್ಯೆಯನ್ನು ವೇದಿಕೆಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುವುದು ಸುಲಭ. ಹತ್ತನೆಯ ತರಗತಿ ಮುಗಿಸಿದ ಮಗಳನ್ನು ಕಾಲೇಜಿಗೆ ಕಳುಹಿಸಲೋ ಬೇಡವೋ ಎಂದು ಕೇಳಲು ಬರುವ ತಂದೆಯ ಮುಂದೆ ಇದನ್ನೇ ಹೇಳಬೇಕಾದಾಗ ನಮ್ಮ ದನಿ ತಗ್ಗುತ್ತದೆ. ಘಟ್ಟದ ಮೇಲಿನ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಪ್ರತಿ ಮೇ ತಿಂಗಳು ಈ ಪ್ರಶ್ನೆ ಬರುತ್ತದೆ. ಕಾಲೇಜು ದೂರ, ಬಸ್ಸಿಗೆ ಹೊತ್ತುಗೊತ್ತಿಲ್ಲ, ಜನ ಏನೆಂದಾರು ಎಂಬ ಕಾರಣಗಳೂ ಬರುತ್ತವೆ. ಬಸ್ಸಿನ ಮಾತು ನಿಜ. ಆದರೆ ಅದೇ ಬಸ್ಸಿನಲ್ಲಿ ಗಂಡುಮಗ ಹೋಗುತ್ತಾನೆ. ಹೆಣ್ಣಿನ ಕಲಿಕೆ ಹೊರಗಿನಿಂದ ಬಂದ ಹೊಸ ಗಾಳಿ ಎಂದು ಯಾರಾದರೂ ವಾದಿಸಿದರೆ, ಸುಮಾರು 680 ವರ್ಷಗಳ ಹಿಂದೆ ನಮ್ಮದೇ ಕರಾವಳಿಯಲ್ಲಿ ಅದು ಮಸೀದಿಯ ನೆರಳಿನಲ್ಲೇ ನಡೆದಿತ್ತೆಂದು ಉತ್ತರಿಸಲು ಈ ಒಂದು ಸಾಕ್ಷ್ಯ ಸಾಕು.

ಬಾರ್ಕೂರು (ಅವನ ಬರಹದಲ್ಲಿ ಫಾಕನೂರ್) ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕಬ್ಬು ಚೆನ್ನಾಗಿ ಬೆಳೆಯುತ್ತಿತ್ತು. ಮುಸ್ಲಿಮರ ಜುಮಾ ಮಸೀದಿಯೂ ಖಾಝಿಯೂ ಇದ್ದರು. ಅಲ್ಲಿನ ಹಿಂದೂ ಅರಸನ ಯುದ್ಧನೌಕೆಗಳಿಗೆ ಲೂಲಾ ಎಂಬ ಮುಸ್ಲಿಮ್ ನಾಯಕನಿದ್ದನು. ಅವನು ಕೆಟ್ಟವನು, ವ್ಯಾಪಾರಿಗಳನ್ನು ದೋಚುವ ಕಡಲ್ಗಳ್ಳನೆಂದು ಇಬ್ನ್ ಬತೂತ ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ನಮ್ಮವನೆಂದು ಬಿಟ್ಟುಕೊಡಲಿಲ್ಲ. 13 ಮಕ್ತಬ್‌ಗಳನ್ನು ಉಲ್ಲೇಖಿಸುವವರು ಲೂಲಾನನ್ನೂ ಉಲ್ಲೇಖಿಸಬೇಕು; ಎರಡಕ್ಕೂ ಸಾಕ್ಷಿ ಒಬ್ಬನೇ.

ಮಂಗಳೂರಿನ ವೃತ್ತಾಂತ ಸ್ವಾರಸ್ಯಕರ. ಪರ್ಶಿಯಾದ ಫಾರ್ಸ್ ಪ್ರಾಂತ ಮತ್ತು ಯಮನಿನ ವ್ಯಾಪಾರಿಗಳು ಬಂದಿಳಿಯುತ್ತಿದ್ದ, ಕಾಳುಮೆಣಸು, ಶುಂಠಿ ಹೇರಳವಾಗಿದ್ದ ದೊಡ್ಡ ಬಂದರು ಅದು. ಅರಸನ ಹೆಸರು ರಾಮದೇವನೆಂದು ಕಾಣುತ್ತದೆ. ಊರ ಪಕ್ಕದ ಬಡಾವಣೆಯಲ್ಲಿ ಸುಮಾರು 4000 ಮುಸ್ಲಿಮರಿದ್ದರು. ಅವರಿಗೂ ಊರವರಿಗೂ ಆಗಾಗ ಜಗಳ ಹತ್ತುತ್ತಿತ್ತು. ವ್ಯಾಪಾರಿಗಳು ಬೇಕಾಗಿದ್ದುದರಿಂದ ಅರಸನು ನಡುವೆ ಬಂದು ರಾಜಿ ಮಾಡಿಸುತ್ತಿದ್ದನು. ಖಾಝಿ ಬದ್ರುದ್ದೀನ್ ಮಅಬರಿ ಎಂಬ ವಿದ್ವಾಂಸರು ಹಡಗಿಗೆ ಬಂದು, ದಡಕ್ಕಿಳಿದು ಆತಿಥ್ಯ ಸ್ವೀಕರಿಸಬೇಕೆಂದು ಕೋರಿದರು. ಅರಸನ ಮಗನು ಒತ್ತೆಯಾಗಿ ಹಡಗಿನಲ್ಲಿ ಕುಳಿತ ಹೊರತು ಇಳಿಯುವುದಿಲ್ಲವೆಂದು ಯಾತ್ರಿಕನ ಕಡೆಯವರು ಪಟ್ಟು ಹಿಡಿದರು. ಬಾರ್ಕೂರಿನಲ್ಲಿ ಹಾಗೆಯೇ ಆಗಿತ್ತು. ಅಲ್ಲಿನ ಮುಸ್ಲಿಮರಿಗೆ ಬಲವಿಲ್ಲ, ಇಲ್ಲಿ ಅರಸನೇ ನಮಗೆ ಅಂಜುತ್ತಾನೆ, ಒತ್ತೆ ಏಕೆ ಎಂದು ಖಾಝಿ ವಾದಿಸಿದರೂ ಇವರು ಒಪ್ಪಲಿಲ್ಲ. ಕೊನೆಗೆ ಅರಸನು ಮಗನನ್ನು ಕಳುಹಿಸಿದನು. ಇವರು ಇಳಿದರು, ಮೂರು ದಿನ ಬಹಳ ಗೌರವದಿಂದ ಸತ್ಕರಿಸಲ್ಪಟ್ಟರು.

ಮಗನನ್ನು ಒತ್ತೆಯಿಟ್ಟು ಊಟಕ್ಕೆ ಕರೆಯುವ ಸ್ನೇಹ! ಹಿಂದೆ ಎಲ್ಲರೂ ಅಣ್ಣತಮ್ಮಂದಿರಂತೆ ಇದ್ದರು ಎಂಬ ಸಿಹಿ ಕಥೆಯೂ ಸುಳ್ಳು, ಸದಾ ಕತ್ತಿ ಹಿಡಿದೇ ಇದ್ದರು ಎಂಬ ಕಹಿ ಕಥೆಯೂ ಸುಳ್ಳು ಎಂಬುದು ಈ ಒಂದು ಪ್ರಸಂಗದಿಂದ ನಮಗೆ ಮನದಟ್ಟಾಗುತ್ತದೆ. ಅನುಮಾನವಿತ್ತು, ಅಗತ್ಯವಿತ್ತು, ಎರಡರ ನಡುವೆ ಊಟದ ಎಲೆಯೂ ಹಾಸಿತ್ತು.

ಇವನಿಗಿಂತ 200 ವರ್ಷ ಮೊದಲೇ ಮಂಗಳೂರಿನಲ್ಲಿ ನೆಲೆಸಿದ್ದ ಪರದೇಶಿಯೊಬ್ಬನ ಕಾಗದಪತ್ರಗಳೂ ಉಳಿದಿವೆ. ಟ್ಯುನೀಸಿಯ ಮೂಲದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು 1132ರಿಂದ 1149ರ ಸುಮಾರಿನವರೆಗೆ ಕರಾವಳಿಯಲ್ಲಿದ್ದನು. ಕೈರೋದ ಹಳೆಯ ಸಿನಗಾಗಿನ ಕೋಣೆಯಲ್ಲಿ ಸಿಕ್ಕ ಅವನ ಪತ್ರಗಳಲ್ಲಿ ಏಡನ್ನಿಗೆ ಹೋದ ಮೆಣಸು, ಅಡಿಕೆ, ಕಬ್ಬಿಣದ ಲೆಕ್ಕವಿದೆ. ಅಲ್ಲಿಂದ ಬಂದ ಕಾಗದ, ಸಕ್ಕರೆ, ಒಣದ್ರಾಕ್ಷಿಯ ಉಡುಗೊರೆಗಳ ವಿವರವಿದೆ. ಅವನ ಪರವಾಗಿ ಏಡನ್ನಿಗೆ ಹೋಗಿಬರುತ್ತಿದ್ದ ಬೊಮ್ಮ ಎಂಬವನು ನಮ್ಮ ನಾಡಿನವನು. ಯಹೂದಿಯ ಸರಕು, ಮುಸ್ಲಿಮರ ಹಡಗು, ಬೊಮ್ಮನ ಲೆಕ್ಕ!

ಮಿತ್ರರಿಗೆ ಬಂದರು ಪ್ರದೇಶದಲ್ಲಿ ದಿನಸಿಯ ಸಗಟು ಅಂಗಡಿಯಿದೆ. ಅಂಗಡಿ ಮುಚ್ಚಿ ನಮ್ಮನ್ನು ಝೀನತ್ ಬಕ್ಷ್ ಮಸೀದಿಗೆ ಕರೆದೊಯ್ದರು. ಮರದ ಕೆತ್ತನೆಯ ಕಂಬಗಳ ನಡುವೆ ನಿಂತಾಗ ಮಸೀದಿಗಿಂತ ಹೆಚ್ಚಾಗಿ ಮರ ಕೆತ್ತಿದ ಕೈಗಳ ಯೋಚನೆ ಬಂತು. ಮಾಲಿಕ್ ದೀನಾರರ ಸಂಗಡಿಗರು ಹಿಜರಿ 22ರಲ್ಲಿ, ಅಂದರೆ ಸುಮಾರು 643ರಲ್ಲಿ, ಇದನ್ನು ಕಟ್ಟಿದರೆಂಬುದು ಸ್ಥಳೀಯ ಪರಂಪರೆ. ಟಿಪ್ಪು ಸುಲ್ತಾನರು ಜೀರ್ಣೋದ್ಧಾರ ಮಾಡಿಸಿ ತಮ್ಮ ಮಗಳ ಹೆಸರಿಟ್ಟರೆಂದೂ ಹೇಳುತ್ತಾರೆ. ಈ ಕರಾವಳಿಯ ಆದಿ ಮಸೀದಿಗಳ ಪಟ್ಟಿಯಲ್ಲಿ ಮಂಗಳೂರು, ಬಾರ್ಕೂರು, ಕಾಸರಗೋಡುಗಳನ್ನು ಸೇರಿಸಿದ 16ನೆಯ ಶತಮಾನದ ಮಲಬಾರಿನ ವಿದ್ವಾಂಸ ಝೈನುದ್ದೀನ್ ಮಖ್ದೂಮರು ಮಾತ್ರ ಕಾಲದ ಬಗ್ಗೆ ಎಚ್ಚರಿಕೆ ವಹಿಸಿದ್ದಾರೆ. ಹಿಜರಿಯ 200 ವರ್ಷಗಳ ನಂತರವೇ ಇದು ನಡೆದಿರಬಹುದೆಂದು ಅವರ ಅಭಿಪ್ರಾಯ. ನಾವು ಅವರ ಪಕ್ಷ. ಎರಡು ಶತಮಾನ ಕಡಿಮೆಯಾದರೆ ಮಸೀದಿಯ ಗೌರವವೇನೂ ಕುಂದುವುದಿಲ್ಲ.

ಮರುದಿನ ಫಜ್ರ್ ನಮಾಝಿನಲ್ಲಿ ಇಮಾಮರು ಕುನೂತ್ ಓದಿದಾಗ, ಹನಫಿಗಳಾದ ನಾವು ಕೈ ಇಳಿಬಿಟ್ಟು ಮೌನವಾಗಿ ನಿಂತೆವು. ಕಡಲ ದಾರಿಯಲ್ಲಿ ಯಮನ್ ಕಡೆಯಿಂದ ಬಂದ ಇಸ್ಲಾಮ್ ಶಾಫಿಈ ಮಝ್‌ಹಬನ್ನು ತಂದಿತು. ದಖ್ಖನಿನ ಸುಲ್ತಾನರ ನೆಲದ ದಾರಿಯಲ್ಲಿ ಬಂದದ್ದು ಹನಫಿ ಮಝ್‌ಹಬನ್ನು. ಅರಬೈಲ್ ಘಟ್ಟ ಇಳಿಯುವಾಗ ಮಣ್ಣಿನ ಬಣ್ಣ ಬದಲಾದಂತೆ ಇದೂ ಬದಲಾಗುತ್ತದೆ. ಮನೆಗೆ ಬಂದಾಗ ಮಿತ್ರರ ಉಮ್ಮ ಪತ್ತಿರ್ ಮಾಡಿಟ್ಟಿದ್ದರು. ಹೊನ್ನಾವರದ ಕಡೆ ಹನ್ನೊಂದು ತಿಂಗಳು ರೊಟ್ಟಿಯ ಮುಖ ಕಾಣದೆ ಬರೀ ಅನ್ನದಲ್ಲೇ ಕಳೆದೆನೆಂದು ಇಬ್ನ್ ಬತೂತ ಗೊಣಗಿದ್ದು ನೆನಪಾಯಿತು. ಅಕ್ಕಿಯ ಪತ್ತಿರ್ ಅವನಿಗೆ ಸಿಗಲಿಲ್ಲವೇನೋ.

ಘಟ್ಟಕ್ಕೂ ಕಡಲಿಗೂ ನಂದಗಡದ ನಂಟು ಹಳೆಯದು. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ ಊರೆಂದು ಎಲ್ಲರೂ ಬಲ್ಲರು. ಅದೇ ಶತಮಾನದಲ್ಲಿ ಅದು ಗೋವೆಯ ತೆಂಗಿನಕಾಯಿ, ಉಪ್ಪು, ಅಡಿಕೆಗಳು ಬಂದಿಳಿದು, ಬಯಲುಸೀಮೆಯ ಧಾನ್ಯ ಹೊರಟುಹೋಗುತ್ತಿದ್ದ ದೊಡ್ಡ ಪೇಟೆಯೂ ಆಗಿತ್ತು. ಎತ್ತಿನ ಮೇಲೆ ಉಪ್ಪು ಹೇರಿಕೊಂಡು ಬಂದವರಿಗೂ ಒಂದು ರಾತ್ರಿ ತಂಗಲು ಯಾರದಾದರೂ ಜಗಲಿ ಬೇಕಿತ್ತು.

ಇಬ್ನ್ ಬತೂತನು ಹೊನ್ನಾವರಕ್ಕೆ ಮತ್ತೊಮ್ಮೆ ಬಂದದ್ದನ್ನು ನಮ್ಮವರು ಹೆಚ್ಚಾಗಿ ಹೇಳುವುದಿಲ್ಲ. ಮೊದಲ ಸಲ ಅವನು ದೆಹಲಿಯ ರಾಯಭಾರಿ. ಎರಡನೆಯ ಸಲ ಅವನ ಬಳಿ ಏನೂ ಇರಲಿಲ್ಲ. ಕಲ್ಲಿಕೋಟೆಯ ತೀರದಲ್ಲಿ ಬಿರುಗಾಳಿಗೆ ಸಿಕ್ಕಿ ಚೀನಾದ ಕಾಣಿಕೆಗಳು ಸಮುದ್ರದ ಪಾಲಾಗಿದ್ದುವು. ಸುಲ್ತಾನನ ಕೋಪಕ್ಕೆ ಹೆದರಿ ದೆಹಲಿಗೂ ಹೋಗುವಂತಿರಲಿಲ್ಲ. ಜಮಾಲುದ್ದೀನನು ಅವನಿಗೆ ವಸತಿ ಕೊಟ್ಟನು, ಆದರೆ ಸೇವಕನಿರಲಿಲ್ಲ. ಯಾತ್ರಿಕನು ಹಗಲೆಲ್ಲ ಮಸೀದಿಯಲ್ಲೇ ಕುಳಿತು ದಿನಕ್ಕೊಂದು ಖತಮ್, ಆಮೇಲೆ ದಿನಕ್ಕೆ ಎರಡರಂತೆ ಮೂರು ತಿಂಗಳು ಕುರ್‌ಆನ್ ಓದಿದನು. ಬಳಿಕ ಸುಲ್ತಾನನು 52 ಹಡಗುಗಳೊಡನೆ ಗೋವೆಯ ಸಂದಾಪುರದ ಮೇಲೆ ದಂಡೆತ್ತಿದಾಗ ಇವನೂ ಜೊತೆಗೆ ಹೋದನು. ಆ ಯುದ್ಧದಲ್ಲಿ ನಮಗೆ ಹೆಮ್ಮೆಪಡುವಂಥದು ಏನೂ ಕಾಣುವುದಿಲ್ಲ. ಗೆದ್ದ ಊರು ಮತ್ತೆ ಮುತ್ತಿಗೆಗೆ ಒಳಗಾದಾಗ ಅವನು ಅಲ್ಲಿಂದ ಹೊರಟುಹೋದನು.

ಮೂರು ದಿನಗಳ ಸಂಭ್ರಮವನ್ನು ಯಾರೂ ಮಾಡಿಯಾರು. ಬರಿಗೈಯಲ್ಲಿ ಮರಳಿ ಬಂದವನಿಗೆ ಬಾಗಿಲು ತೆರೆದದ್ದೇ ಹೊನ್ನಾವರದ ದೊಡ್ಡತನವೆಂದು ನಮ್ಮ ಮಿತ್ರರ ಅಭಿಪ್ರಾಯ. ಸೇವಕನನ್ನು ಏಕೆ ಕೊಡಲಿಲ್ಲ ಎಂದು ನಾವು ವಾದಿಸಿದೆವು. ಪದವಿ ತರಗತಿಯಲ್ಲಿ ಓದುತ್ತಿರುವ ಅವರ ಮಗಳು ಚಹಾ ತಂದಿಡುತ್ತ, ಅತಿಥಿಗೆ ಸೇವಕ ಬೇಕೆಂದು ಯಾವ ಹದೀಸಿನಲ್ಲಿದೆ ಉಸ್ತಾದ್ ಎಂದು ಕೇಳಿದಳು. 1355ರಲ್ಲಿ, ದೂರದ ಫೆಝ್ ನಗರದಲ್ಲಿ ಕುಳಿತು ತನ್ನ ಯಾತ್ರೆಯನ್ನು ಲಿಪಿಕಾರನಿಗೆ ಹೇಳಿ ಬರೆಸಿ ಮುಗಿಸಿದಾಗ, ಫಕೀಹ್ ಇಸ್ಮಾಈಲರ ಹೆಸರೂ ಅಡುಗೆ ಮಾಡಿ ಬಡಿಸಿದ ಶೈಖರ ಹೆಸರೂ ಆ ಮುದುಕನ ನಾಲಗೆಯ ಮೇಲೆ ಇನ್ನೂ ಇದ್ದುವು.