ಕೊರಿಯಾದ ಪರದೆ ಬಂದ ದಾರಿ

ನನ್ನ ಹೊಟ್ಟೆಪಾಡು ಕನ್ನಡ ಪುಸ್ತಕಗಳ ಪುಟವಿನ್ಯಾಸ. ಬೆಂಗಳೂರಿನ ಚಾಮರಾಜಪೇಟೆಯ ಡಿಟಿಪಿ ಅಂಗಡಿಯಲ್ಲಿ ಕೆಲಸ ಕಲಿಯುವಾಗ ನಮಗಿದ್ದದ್ದು 15 ಇಂಚಿನ, ಬೆನ್ನು ಉಬ್ಬಿದ ಮಾನಿಟರ್. ಅಡ್ಡಕ್ಕೆ 1024, ಉದ್ದಕ್ಕೆ 768 ಚುಕ್ಕೆ. ಡೆಮಿ 1/8 ಆಕಾರದ ಒಂದು ಪುಟ ಅದರಲ್ಲಿ ಪೂರ್ತಿ ಕಾಣಬೇಕಾದರೆ ಅಕ್ಷರಗಳನ್ನು ಕುಗ್ಗಿಸಲೇಬೇಕು. ಕುಗ್ಗಿಸಿದರೆ ‘ರಾಷ್ಟ್ರ’ದ ಕೆಳಗಿನ ಎರಡು ಒತ್ತುಗಳು ಒಂದಕ್ಕೊಂದು ಅಂಟಿಕೊಂಡು ಮಸಿಯ ಮುದ್ದೆಯಾಗುತ್ತಿದ್ದವು. ‘ದ’ಗೂ ‘ಧ’ಗೂ ಇರುವ ವ್ಯತ್ಯಾಸ ಬುಡದಲ್ಲಿರುವ ಒಂದು ಸಣ್ಣ ಗೀಟು. ಅಷ್ಟು ಸಣ್ಣದನ್ನು ತೋರಿಸಲು ಆ ಪರದೆಯಲ್ಲಿ ಚುಕ್ಕೆಗಳೇ ಸಾಲುತ್ತಿರಲಿಲ್ಲ. ಹಾಗಾಗಿ ಪ್ರತಿ ಕರಡನ್ನೂ ಕಾಗದಕ್ಕಿಳಿಸಿ ತಿದ್ದುತ್ತಿದ್ದೆವು. ಲ್ಯಾಟಿನ್ ಲಿಪಿಯವರಿಗೆ ನಡೆದುಹೋಗುವ ಪರದೆ ಕನ್ನಡಕ್ಕೆ ನಡೆಯುವುದಿಲ್ಲ. ನಮ್ಮ ಅಕ್ಷರ ಬೆಳೆಯುವುದು ಕೆಳಕ್ಕೂ ಹೌದು.

ಹೆಚ್ಚು ಚುಕ್ಕೆಗಳ ಪರದೆ ಆಗಲೂ ಜಗತ್ತಿನಲ್ಲಿ ಇತ್ತು. 2000ದ ನವೆಂಬರಿನಲ್ಲಿ ಐಬಿಎಂ ಕಂಪನಿ ಅಂಥ ಮಾದರಿ ಮಾನಿಟರುಗಳನ್ನು ಕ್ಯಾಲಿಫೋರ್ನಿಯಾದ ಲಾರೆನ್ಸ್ ಲಿವರ್‌ಮೋರ್ ರಾಷ್ಟ್ರೀಯ ಪ್ರಯೋಗಾಲಯಕ್ಕೆ ಕಳಿಸಿತು. 22.2 ಇಂಚಿನಲ್ಲಿ 3840×2400, ಅಂದರೆ 92 ಲಕ್ಷಕ್ಕೂ ಹೆಚ್ಚು ಚುಕ್ಕೆ. ಮರುವರ್ಷ ಅದು ಟಿ220, ಆಮೇಲೆ ಟಿ221 ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಟಿ221ರ ಬೆಲೆ 17,999 ಡಾಲರ್. 2002ರ ಮಾರ್ಚಿನಲ್ಲಿ ಇಳಿಸಿದ ಮೇಲೂ 8,399. 2004ರಲ್ಲಿ ಆಪಲ್ ತಂದ 30 ಇಂಚಿನ ಸಿನೆಮಾ ಡಿಸ್‌ಪ್ಲೇಗೆ 3,299 ಡಾಲರ್. ಇವು ಪ್ರಯೋಗಾಲಯ, ಸ್ಟುಡಿಯೋಗಳ ಮೇಜಿಗೆ ಹೋದವೇ ಹೊರತು ಡಿಟಿಪಿ ಅಂಗಡಿಗೆ ಬರುವಂಥವಲ್ಲ.

ಬಾಗಿಲು ಸ್ವಲ್ಪ ತೆರೆದದ್ದು 2009ರ ಕೊನೆಯಲ್ಲಿ. ಆಪಲ್ ತನ್ನ ಐಮ್ಯಾಕ್‌ಗೆ 27 ಇಂಚಿನ, 2560×1440 ಚುಕ್ಕೆಗಳ ಪರದೆ ಹಾಕಿತು. ಮರುವರ್ಷ ಅದೇ ಅಳತೆಯ ಬಿಡಿ ಮಾನಿಟರನ್ನು 999 ಡಾಲರಿಗೆ ಮಾರಿತು. ಒಳಗಿನ ಗಾಜು ದಕ್ಷಿಣ ಕೊರಿಯಾದ ಎಲ್‌ಜಿ ಡಿಸ್‌ಪ್ಲೇ ಕಂಪನಿಯದು. ಎಲ್‌ಎಂ270ಡಬ್ಲ್ಯುಕ್ಯು1 ಎಂಬ ಸಂಖ್ಯೆಯ ಐಪಿಎಸ್ ಪ್ಯಾನೆಲ್. ಐಪಿಎಸ್ ವಿಧಾನವನ್ನು ಜಪಾನಿನ ಹಿಟಾಚಿ 1996ರಲ್ಲಿ ಮಾರುಕಟ್ಟೆಗೆ ತಂದಿತ್ತು. ಇದರಲ್ಲಿ ದ್ರವಸ್ಫಟಿಕಗಳು ಗಾಜಿಗೆ ಸಮಾನಾಂತರವಾಗಿ ಮಲಗಿಕೊಂಡೇ ತಿರುಗುತ್ತವೆ. ಆದ್ದರಿಂದ ಪಕ್ಕದಿಂದ ನೋಡಿದರೂ ಬಣ್ಣ ಕೆಡುವುದಿಲ್ಲ. ಲೇಖಕರು, ಮುಖಪುಟ ಕಲಾವಿದರು, ನಾನು, ಮೂವರೂ ಒಂದೇ ಪರದೆಗೆ ಕಣ್ಣು ನೆಟ್ಟು ಕೂರುವ ನಮ್ಮ ಕೆಲಸಕ್ಕೆ ಇದು ಸಣ್ಣ ಮಾತಲ್ಲ.

ಇನ್ನು ಅಗ್ಗದ ಕಥೆ. 2560×1440 ಎಂದರೆ 36,86,400 ಚುಕ್ಕೆ. ಒಂದೊಂದಕ್ಕೂ ಕೆಂಪು, ಹಸಿರು, ನೀಲಿ ಎಂದು ಮೂರು ಭಾಗ, ಪ್ರತಿ ಭಾಗಕ್ಕೂ ಒಂದು ಟ್ರಾನ್ಸಿಸ್ಟರ್. ಒಂದು ಪ್ಯಾನೆಲಿನಲ್ಲಿ 1 ಕೋಟಿ 10 ಲಕ್ಷಕ್ಕೂ ಹೆಚ್ಚು! ಅಷ್ಟರಲ್ಲಿ ಒಂದೆರಡು ಕೈಕೊಟ್ಟರೂ ಪರದೆಯಲ್ಲಿ ಆರದ ಅಥವಾ ಹೊತ್ತದ ಚುಕ್ಕೆ ಉಳಿದುಬಿಡುತ್ತದೆ. ಹೀಗಾಗಿ ಪ್ಯಾನೆಲುಗಳನ್ನು ದರ್ಜೆ ಮಾಡಿ ವಿಂಗಡಿಸುತ್ತಾರೆ. ದೊಡ್ಡ ಬ್ರ್ಯಾಂಡುಗಳಿಗೆ ಮೊದಲ ದರ್ಜೆಯದು. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು ಎ ಮೈನಸ್. ಕೊರಿಯಾದ ಸಣ್ಣ ಕಂಪನಿಗಳು ಈ ಎ ಮೈನಸ್ ಗಾಜನ್ನು ಕೊಂಡು ಮಾನಿಟರ್ ಕಟ್ಟತೊಡಗಿದವು. ಯಾಮಕಾಸಿ ಕ್ಯಾಟ್‌ಲೀಪ್, ಅಚೀವಾ ಶಿಮಿಯನ್, ಕ್ರಾಸ್‌ಓವರ್ ಎಂಬ ಹೆಸರುಗಳು 2012ರ ಹೊತ್ತಿಗೆ ಅಮೆರಿಕದ ಪ್ರೋಗ್ರಾಮರುಗಳ ಬಾಯಲ್ಲಿ ಓಡಾಡುತ್ತಿದ್ದವು. ಇಬೇಯಲ್ಲಿ ಕೊರಿಯಾದ ವ್ಯಾಪಾರಿಗಳು ಇವನ್ನು 300ರಿಂದ 350 ಡಾಲರಿಗೆ ಮಾರುತ್ತಿದ್ದರು. ಸಾಗಣೆ ವೆಚ್ಚ ಹೆಚ್ಚಾಗಿ ಅದರಲ್ಲೇ ಸೇರಿರುತ್ತಿತ್ತು.

ಗಾಜಿನ ದರ್ಜೆಯಿಂದಷ್ಟೇ ಬೆಲೆ ಇಳಿದದ್ದಲ್ಲ. ಮಾನಿಟರಿನ ಒಳಗಿಂದ ತೆಗೆಯಬಹುದಾದ್ದನ್ನೆಲ್ಲ ಅವರು ತೆಗೆದುಬಿಟ್ಟಿದ್ದರು. ಬರುವ ಚಿತ್ರವನ್ನು ಪರದೆಯ ಅಳತೆಗೆ ಹಿಗ್ಗಿಸುವ ಸ್ಕೇಲರ್ ಚಿಪ್ ಇಲ್ಲ. ಪರದೆಯ ಮೇಲೆ ಮೂಡುವ ಮೆನು ಇಲ್ಲ. ಬೆಳಕು ಹೆಚ್ಚು ಕಮ್ಮಿ ಮಾಡುವುದಕ್ಕೆ, ಆನ್ ಆಫ್ ಮಾಡುವುದಕ್ಕೆ ಬಟನ್ನು, ಅಷ್ಟೇ. ಅತಿ ಅಗ್ಗದವುಗಳಲ್ಲಿ ಎಚ್‌ಡಿಎಂಐ ಕೂಡ ಇರಲಿಲ್ಲ. ಹಿಂಬದಿಯಲ್ಲಿ ಒಂದೇ ಒಂದು ಡ್ಯುಯಲ್ ಲಿಂಕ್ ಡಿವಿಐ ಕಿಂಡಿ. ಸಾಮಾನ್ಯ ಡಿವಿಐ ತಂತಿ 165 ಮೆಗಾಹರ್ಟ್ಸ್‌ಗೆ ನಿಂತುಬಿಡುತ್ತದೆ. ಸೆಕೆಂಡಿಗೆ 60 ಸಲ 2560×1440 ಚುಕ್ಕೆ ಸಾಗಿಸಲು ಸುಮಾರು 241 ಮೆಗಾಹರ್ಟ್ಸ್ ಬೇಕು. ಅದಕ್ಕೇ ಎರಡು ಜೊತೆ ದಾರಿಯ, 24 ಸೂಜಿ ಮತ್ತೊಂದು ಚಪ್ಪಟೆ ನಾಲಿಗೆಯ ದಪ್ಪ ಕೇಬಲ್. ನನಗೂ ಇಂಥದೊಂದು ಬೇಕೆಂದಾಗ, ಅಮೆರಿಕದ ಸ್ಯಾನ್ ಹೋಸೆಯಲ್ಲಿದ್ದ ನಮ್ಮ ಭಾವ ಫೋನಿನಲ್ಲಿ ಮೊದಲು ಹೇಳಿದ್ದೇ ಇದನ್ನು: “ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಬರಲ್ಲ ಕಣೋ. ನಿನ್ನ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ನೋಡು, ಡ್ಯುಯಲ್ ಲಿಂಕ್ ಇದ್ದರೆ ಮಾತ್ರ ತರ್ತೀನಿ.” ನನ್ನದರಲ್ಲಿ ಇರಲಿಲ್ಲ. ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಕಾರ್ಡೊಂದು ಸಿಕ್ಕಿತು.

ಡಾಲರಿಗೆ ಹೆಚ್ಚು ಕಮ್ಮಿ 55 ರೂಪಾಯಿ ಇದ್ದ ಕಾಲ. ಭಾವ ಚಳಿಗಾಲದ ರಜೆಗೆ ಊರಿಗೆ ಬರುವಾಗ ಕೊರಿಯಾದಿಂದ ಅವರ ಮನೆಗೆ ಬಂದಿದ್ದ ಪೆಟ್ಟಿಗೆಯನ್ನು ಹಾಗೇ ಲಗೇಜಿಗೆ ಹಾಕಿದರು. ಅಡಾಪ್ಟರಿನ ಪ್ಲಗ್ ಕೊರಿಯಾದ್ದು, ಎರಡು ದುಂಡು ಕಡ್ಡಿಯದು. ಅಮೆರಿಕದ ಗೋಡೆಗೆ ಹೊಂದದ ಅದು, 230 ವೋಲ್ಟಿನ ನಮ್ಮ ಮನೆಯ ಸಾಕೆಟ್ಟಿನಲ್ಲಿ ತುಸು ಸಡಿಲವಾಗಿಯಾದರೂ ಕೂತಿತು. ಒಳಗೆ ಬಂದಿದ್ದ ಕೈಪಿಡಿ ಪೂರ್ತಿ ಕೊರಿಯನ್ ಭಾಷೆಯಲ್ಲಿ.

ಪರದೆ ಹೊತ್ತಿಸಿ, ತಿದ್ದುತ್ತಿದ್ದ ಪುಸ್ತಕವನ್ನು ತೆರೆದೆ. ಎದುರುಬದುರಿನ ಎರಡೂ ಪುಟ ಅಂಚು ಸಮೇತ ಕಾಣುತ್ತಿದ್ದವು, ಅದೂ ಅಚ್ಚಾಗುವ ಅಳತೆಗಿಂತ ದೊಡ್ಡದಾಗಿ. ‘ಷ್ಟ್ರ’ದಲ್ಲಿ ಟ ಒತ್ತು ಬೇರೆ, ರ ಒತ್ತು ಬೇರೆ. ‘ಧ’ದ ಗೀಟು ಕನ್ನಡಕ ಮೇಲೆತ್ತದೆಯೇ ಕಂಡಿತು. ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕೆ ಸತ್ತಿತ್ತು. ಐದರವರೆಗೆ ಸತ್ತ ಚುಕ್ಕೆ ಇರಬಹುದು, ಅದಕ್ಕೆಲ್ಲ ವಾಪಸು ಇಲ್ಲ ಎಂದು ಮಾರುವವರು ಮೊದಲೇ ಬರೆದಿದ್ದರು. ಒಂದೂ ಬೇಡ ಎನ್ನುವವರು ಇನ್ನಷ್ಟು ಡಾಲರ್ ಕೊಡಬೇಕಿತ್ತು. ಮುಚ್ಚುಮರೆಯಿಲ್ಲದ ವ್ಯಾಪಾರ. ಆ ಚುಕ್ಕೆಯಿಂದ ನನ್ನ ಒಂದು ಅಕ್ಷರವೂ ಕೆಡಲಿಲ್ಲ.

ಆಮೇಲಿನ ಇತಿಹಾಸ ವೇಗವಾಗಿ ಓಡಿತು. 2012ರಲ್ಲೇ ಅಮೆರಿಕದ ಮೈಕ್ರೋಸೆಂಟರ್ ಮಳಿಗೆ ಆರಿಯಾ ಎಂಬ ಹೆಸರಿನಲ್ಲಿ ಇಂಥದೇ ಮಾನಿಟರನ್ನು 399 ಡಾಲರಿಗೆ ಕೌಂಟರಿನಲ್ಲೇ ಮಾರಿತು. 2013ರಲ್ಲಿ ಸೀಕಿ ಕಂಪನಿಯ 39 ಇಂಚಿನ 4ಕೆ ಟಿವಿ 699 ಡಾಲರಿಗೆ ಬಂದಾಗ ಪ್ರೋಗ್ರಾಮರುಗಳು ಅದನ್ನೇ ಮೇಜಿನ ಮೇಲಿಟ್ಟುಕೊಂಡರು, ಸೆಕೆಂಡಿಗೆ 30 ಸಲವಷ್ಟೇ ಚಿತ್ರ ಬದಲಾದರೂ ಸರಿ ಎಂದು. ನಮ್ಮಲ್ಲಿ ಮಾತ್ರ ದೊಡ್ಡ ಮಾನಿಟರನ್ನು ಬಹಳ ಕಾಲ ಐಷಾರಾಮದ ಸರಕೆಂದೇ ಎಣಿಸಲಾಯಿತು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ 17 ಇಂಚು ಮೀರಿದ ಮಾನಿಟರಿಗೆ ಶೇ. 28 ತೆರಿಗೆ ಬಿತ್ತು. 32 ಇಂಚಿನವರೆಗಿನವು ಶೇ. 18ಕ್ಕೆ ಇಳಿದದ್ದು 2019ರ ಜನವರಿ 1ರಿಂದ. ಇವತ್ತು 27 ಇಂಚಿನ, 2560×1440ರ ಐಪಿಎಸ್ ಮಾನಿಟರ್ ಇಪ್ಪತ್ತು ಸಾವಿರ ರೂಪಾಯಿಯ ಒಳಗೆ, ಭಾರತದ್ದೇ ವಾರಂಟಿಯೊಂದಿಗೆ ಸಿಗುತ್ತದೆ. ಯಾರ ಲಗೇಜನ್ನೂ ಕಾಯಬೇಕಿಲ್ಲ.

ಮಾನಿಟರಿನಲ್ಲಿ ಮುಖ್ಯವಾದದ್ದು ಪ್ಯಾನೆಲ್, ಮಿಕ್ಕಿದ್ದೆಲ್ಲ ಆಮೇಲೆ ಎಂಬುದನ್ನು ಕೊಳ್ಳುವವರಿಗೆ ಕಲಿಸಿದವರು ದೊಡ್ಡ ಹೆಸರಿಲ್ಲದ ಆ ಸಣ್ಣ ಕೊರಿಯನ್ ಕಂಪನಿಗಳು ಎಂದು ನಾನು ನಂಬಿದ್ದೇನೆ. ಆ ಪಾಠ ಈಗಲೂ ಸಲ್ಲುತ್ತದೆ. ಅಂಗಡಿಗೆ ಹೋದಾಗ ಹೊಳೆಯುವ ಕಾಲು, ತೆಳ್ಳನೆಯ ಅಂಚು ನೋಡಬೇಡಿ. ಪ್ಯಾನೆಲ್ ಯಾವುದು, ಚುಕ್ಕೆ ಎಷ್ಟು ಎಂದು ಕೇಳಿ. ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಬಣ್ಣಗಳನ್ನು ಪರದೆ ತುಂಬ ಹಾಕಿಸಿ ಸತ್ತ ಚುಕ್ಕೆ ಇದೆಯೇ ನೋಡಿ, ನೀವು ಬಳಸುವ ಅಕ್ಷರದ್ದೇ ಒಂದು ಕನ್ನಡ ಪುಟ ತೆರೆಸಿ ಓದಿ. ಇನ್ನು ನಮ್ಮ ಪ್ರಕಾಶಕರಲ್ಲಿ ಒಂದು ವಿನಂತಿ: ಮುಖಪುಟದ ಬಣ್ಣಕ್ಕೆ ಸುರಿಯುವ ಹಣದಲ್ಲಿ ಸ್ವಲ್ಪ ಉಳಿಸಿ, ನಿಮ್ಮ ಕರಡು ತಿದ್ದುವವರ ಮೇಜಿನ ಮೇಲೆ ಇಂಥದೊಂದು ಪರದೆ ಇಡಿ. ಹಗಲಿಡೀ ನಿಮ್ಮ ಪುಸ್ತಕಗಳ ಒತ್ತಕ್ಷರಗಳನ್ನು ಕಾಯುವ ಕಣ್ಣುಗಳಿಗೆ ಅಷ್ಟನ್ನು ಒದಗಿಸುವುದು ನಿಮ್ಮ ಹೊಣೆ.