ಇಲ್ಲದ ರೋಗಕ್ಕೆ ಗುಳಿಗೆ

ನಮ್ಮ ಚಿಕ್ಕಂದಿನಲ್ಲಿ ಬಳ್ಳಾರಿಯ ಹಿರಿಯರು ‘ವೆಲ್ಲೆಸ್ಲಿ’ ಎನ್ನುವಾಗ ದನಿ ತಗ್ಗಿಸುತ್ತಿದ್ದರು. ಅದು ಊರಿನ ಕ್ಷಯದ ಆಸ್ಪತ್ರೆ. ರೋಗಿಯ ಲೋಟ ಮುಟ್ಟಬಾರದು, ಆ ಮನೆಯ ಹೆಣ್ಣು ತರಬಾರದು, ಇದೇ ಜನ ಕಂಡುಕೊಂಡಿದ್ದ ಮುಂಜಾಗ್ರತೆ. ಕ್ಷಯ ಹರಡುವುದು ಲೋಟದಿಂದಲ್ಲ, ರೋಗಿ ಕೆಮ್ಮಿದ ಗಾಳಿಯಿಂದ. ಅದರ ಕ್ರಿಮಿಯನ್ನು ರಾಬರ್ಟ್ ಕಾಕ್ 1882ರಲ್ಲಿಯೇ ತೋರಿಸಿಕೊಟ್ಟಿದ್ದ. 1952ರಲ್ಲಿ ಐಸೊನಿಯಜಿಡ್ ಎಂಬ ಅಗ್ಗದ ಗುಳಿಗೆ ಬಂತು. 1959ರಲ್ಲಿ ನಮ್ಮ ಬೆಂಗಳೂರಿನಲ್ಲೇ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಭಯ ಮೆಲ್ಲಗೆ ಇಳಿಯತೊಡಗಿತ್ತು.

ಅಷ್ಟರಲ್ಲಿ, 1986ರಲ್ಲಿ, ಮದರಾಸಿನ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಡಾ. ನಿರ್ಮಲಾ ನಮ್ಮ ದೇಶದಲ್ಲೂ ಎಚ್.ಐ.ವಿ. ಇರುವುದನ್ನು ಪತ್ತೆಮಾಡಿದರು. ಹಳೆಯ ಭಯ ಹೊಸ ಹೆಸರಿನಿಂದ ಮರಳಿ ಬಂತು. ಎರಡು ರೋಗಗಳೂ ಒಂದಕ್ಕೊಂದು ಜೊತೆಯಾದವು. ನಮ್ಮಲ್ಲಿ ಅನೇಕರ ಮೈಯೊಳಗೆ ಕ್ಷಯದ ಕ್ರಿಮಿ ಮಲಗಿಯೇ ಇರುತ್ತದೆ. ಅಂಥ 100 ಜನರಲ್ಲಿ ಜೀವಮಾನವಿಡೀ ಸೇರಿ 5ರಿಂದ 10 ಜನರಿಗೆ ಮಾತ್ರ ಅದು ರೋಗವಾಗುತ್ತದೆ. ಎಚ್.ಐ.ವಿ. ಇದ್ದು ಚಿಕಿತ್ಸೆ ಇಲ್ಲದವರಿಗೆ ಸುಮಾರು ಅಷ್ಟು ಅಪಾಯ ಪ್ರತಿ ವರ್ಷವೂ ಇರುತ್ತದೆ.

2004ರ ಏಪ್ರಿಲ್ 1ರಿಂದ ಸರಕಾರ ಎಚ್.ಐ.ವಿ.ಗೆ ಉಚಿತ ಎ.ಆರ್.ಟಿ. ಔಷಧ ಕೊಡತೊಡಗಿತು. ಅದರಿಂದ ಮೈಯ ಕಾವಲು ಗಟ್ಟಿಯಾಯಿತು. ಮಲಗಿದ ಕ್ರಿಮಿಯನ್ನು ಏಳುವ ಮೊದಲೇ ಅಡಗಿಸಲು 1952ರ ಆ ಹಳೆಯ ಗುಳಿಗೆಯೇ ಸಾಕು, ದಿನಕ್ಕೊಂದರಂತೆ 6 ತಿಂಗಳು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು 1998ರಲ್ಲೇ ಹೇಳಿದ್ದರೂ ನಮ್ಮ ದೇಶದ ಕೇಂದ್ರಗಳಲ್ಲಿ ಅದು ವ್ಯಾಪಕವಾಗಿ ಶುರುವಾದದ್ದು 2016ರ ನಂತರ. ಕ್ಷಯ ಆಗಲೇ ಎದ್ದಿದ್ದವರಿಗೆ ಈ ಒಂದೇ ಔಷಧ ಕೊಟ್ಟರೆ ಕ್ರಿಮಿ ಅದಕ್ಕೆ ಜಗ್ಗದಂತಾಗುತ್ತದೆ ಎಂಬ ಅಂಜಿಕೆ ವೈದ್ಯರಿಗಿತ್ತು. ಅದಕ್ಕೇ ಮೊದಲು ನಾಲ್ಕು ಪ್ರಶ್ನೆ: ಕೆಮ್ಮಿದೆಯೇ, ಜ್ವರವಿದೆಯೇ, ತೂಕ ಇಳಿದಿದೆಯೇ, ರಾತ್ರಿ ಬೆವರುತ್ತದೆಯೇ? ಒಂದಕ್ಕೆ ಹೌದೆಂದರೂ ಮೊದಲು ಕ್ಷಯದ ಪರೀಕ್ಷೆ.

ಪ್ರಶ್ನೆ ದಾಟಿದ ಮೇಲೂ ತೊಡಕು ಉಳಿಯುತ್ತದೆ. ಸಿರುಗುಪ್ಪದ ಹೆಣ್ಣುಮಗಳೊಬ್ಬಳು, ನನ್ನ ಹಳೆಯ ವಿದ್ಯಾರ್ಥಿನಿ, ಕೇಳಿದಳು: “ಆರಾಮ ಅದೀನಲ್ರೀ ಟೀಚರ್, ಇಲ್ಲದ ರೋಗಕ್ಕ ಗುಳಿಗಿ ಯಾಕ್ರೀ?” ಪೋಲಿಯೋ ಹನಿ ಹಾಕಿಸುವಾಗ ನಿನ್ನ ಮಗುವಿಗೆ ಪೋಲಿಯೋ ಇತ್ತೇನು ಎಂದೆ. ನಕ್ಕಳು. ಆದರೆ ಅವಳ ಕಷ್ಟ ಬೇರೆಯೇ ಇತ್ತು. ಎ.ಆರ್.ಟಿ. ಡಬ್ಬಿಯನ್ನು ಅವಳು ಅಕ್ಕಿಯ ಡ್ರಮ್ಮಿನಲ್ಲಿ ಬಚ್ಚಿಡುತ್ತಿದ್ದಳು. ಇನ್ನೊಂದು ಗುಳಿಗೆಯೆಂದರೆ ಅತ್ತೆಗೆ ಹೇಳಬೇಕಾದ ಇನ್ನೊಂದು ಸುಳ್ಳು.

ಕುರುಗೋಡಿನಲ್ಲಿದ್ದ ಅಕ್ಕನಿಗೆ ಮಾತ್ರ ವಿಷಯ ಗೊತ್ತಿತ್ತು. ದಿನಾ ರಾತ್ರಿ ಫೋನು ಮಾಡಿ “ಊಟ ಆತೇನು?” ಎನ್ನುತ್ತಿದ್ದಳು. ಅದರ ಅರ್ಥ ಇಬ್ಬರಿಗೇ ತಿಳಿದಿತ್ತು. 6 ತಿಂಗಳು ಹಾಗೆಯೇ ಮುಗಿಯಿತು.

ತನ್ನ ರೋಗದ ಸುದ್ದಿ ಯಾರಿಗೆ ಹೇಳಬೇಕೆಂಬುದು ಅವಳ ಹಕ್ಕು. 2017ರ ಕಾಯಿದೆಯೂ ಅದನ್ನೇ ಹೇಳುತ್ತದೆ. ಆದರೆ ಹೇಳಿಕೊಳ್ಳಬಹುದಾದ ಅಕ್ಕ ಒಬ್ಬಳಿರುವಂತೆ ಯಾವ ಕಾಯಿದೆಯೂ ಮಾಡಲಾರದು. ಅದು ನಮ್ಮ ಮನೆಗಳಲ್ಲೇ ಆಗಬೇಕು.