ಮೋರ್‌ಬಾತ್‌ನ ಚರ್ಚ್ ಕುರಿಗಳು: ಒಂದು ಧರ್ಮಕೇಂದ್ರದ ಲೆಕ್ಕಪುಸ್ತಕದ ಓದು

ಸಮಯ, ಪ್ರತಿಭೆ, ಹಣ ಎಂಬ ಮೂರನ್ನೂ ಒಂದೇ ಉಸಿರಿನಲ್ಲಿ ಹೆಸರಿಸಿ ಭಕ್ತರ ನೆರವು ಕೇಳುವ ರೂಢಿ ಇಂದಿನ ಕಥೋಲಿಕ ಧರ್ಮಕೇಂದ್ರಗಳಲ್ಲಿದೆ. ಅಮೆರಿಕದಲ್ಲಿ ಇದಕ್ಕೆ ದೊಡ್ಡ ಬಲ ಸಿಕ್ಕಿತು. ಅಲ್ಲಿನ ಧರ್ಮಾಧ್ಯಕ್ಷರು 1992ರಲ್ಲಿ ಇದೇ ವಿಷಯವಾಗಿ ಒಂದು ಸಾಮೂಹಿಕ ಪಾಲನಾ ಪತ್ರ ಹೊರಡಿಸಿದರು. ಕ್ಯಾನ್ಸಾಸ್ ರಾಜ್ಯದ ವಿಚಿಟಾ ಧರ್ಮಪ್ರಾಂತ್ಯದಲ್ಲಿ, ಧರ್ಮಕೇಂದ್ರದ ಬದುಕಿನಲ್ಲಿ ಸಕ್ರಿಯವಾಗಿರುವ ಕುಟುಂಬಗಳ ಮಕ್ಕಳು ಕಥೋಲಿಕ ಶಾಲೆಗಳಲ್ಲಿ ಬೋಧನಾ ಶುಲ್ಕವಿಲ್ಲದೆ ಓದುವಷ್ಟರ ಮಟ್ಟಿಗೆ ಈ ಕ್ರಮ ಫಲ ಕೊಟ್ಟಿದೆ. ಆದರೆ ಈ ಮೂರರ ನಡುವಿನ ಸಂಬಂಧವೇನು, ಯಾವುದು ಯಾವುದನ್ನು ಹುಟ್ಟಿಸುತ್ತದೆ ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ಹಣ ಕೊಟ್ಟವರು ಆಮೇಲೆ ಕೆಲಸಕ್ಕೂ ಬರುತ್ತಾರೆಯೇ, ಅಥವಾ ಕೆಲಸ ಹೊತ್ತವರ ಕೈಯೇ ಆಮೇಲೆ ಹಣಕ್ಕೂ ಬಿಚ್ಚುತ್ತದೆಯೇ? ಈ ಪ್ರಶ್ನೆಯನ್ನು ಹದಿನಾರನೆಯ ಶತಮಾನದ ಇಂಗ್ಲೆಂಡಿನ ಒಂದು ಪುಟ್ಟ ಧರ್ಮಕೇಂದ್ರದ ದಾಖಲೆಯ ಮುಂದಿಟ್ಟು ನೋಡುವುದು ಈ ಟಿಪ್ಪಣಿಯ ಉದ್ದೇಶ.

ಆ ಊರು ಮೋರ್‌ಬಾತ್. ಡೆವನ್ ಪ್ರಾಂತ್ಯದ ಉತ್ತರ ಭಾಗದಲ್ಲಿ, ಎಕ್ಸ್‌ಮೂರ್ ಬೀಳುಭೂಮಿಯ ದಕ್ಷಿಣ ಅಂಚಿನಲ್ಲಿದೆ. ಸುಮಾರು 33 ಕುಟುಂಬಗಳು, ಕುರಿ ಸಾಕಣೆಯೇ ಜೀವನ. ದೊಡ್ಡ ಜಮೀನ್ದಾರರಾಗಲಿ ಶ್ರೀಮಂತ ವ್ಯಾಪಾರಿಗಳಾಗಲಿ ಊರಲ್ಲಿರಲಿಲ್ಲ. 1520ರಲ್ಲಿ ಇಲ್ಲಿಗೆ ಬಂದ ಧರ್ಮಗುರು ಕ್ರಿಸ್ಟೋಫರ್ ಟ್ರಿಕಿ 1574ರಲ್ಲಿ ತೀರಿಕೊಳ್ಳುವವರೆಗೆ ಇಲ್ಲಿಯೇ ಇದ್ದರು. ಎಂಟನೇ ಹೆನ್ರಿ, ಆರನೇ ಎಡ್ವರ್ಡ್, ಮೇರಿ, ಎಲಿಜಬೆತ್ ಹೀಗೆ ನಾಲ್ವರ ಆಳ್ವಿಕೆಯನ್ನೂ, ಪ್ರತಿ ಆಳ್ವಿಕೆಯಲ್ಲಿ ತಿರುವುಮುರುವಾದ ಪೂಜಾವಿಧಿಯನ್ನೂ ಒಂದೇ ಪೀಠದ ಮುಂದೆ ನಿಂತು ಕಂಡವರು ಅವರು. ಆ ಐವತ್ತು ಚಿಲ್ಲರೆ ವರ್ಷಗಳ ಚರ್ಚಿನ ಲೆಕ್ಕವನ್ನು ಅವರೇ ಕೈಯಾರೆ ಬರೆದಿಟ್ಟರು. 1904ರಲ್ಲಿ ಬಿನ್ನಿ ಎಂಬವರು ಅದನ್ನು ಸಂಪಾದಿಸಿ ಅಚ್ಚು ಹಾಕಿಸಿದರು. 2001ರಲ್ಲಿ ಕೇಂಬ್ರಿಡ್ಜಿನ ಇತಿಹಾಸಕಾರ ಈಮನ್ ಡಫಿ ಅದನ್ನು ಆಧರಿಸಿ ಒಂದು ಪುಸ್ತಕವನ್ನೇ ಬರೆದ ಮೇಲೆ ಮೋರ್‌ಬಾತ್‌ನ ಹೆಸರು ವಿದ್ವತ್ ವಲಯದಲ್ಲಿ ಚಿರಪರಿಚಿತವಾಯಿತು.

ಲೆಕ್ಕದಲ್ಲಿ ಮೊದಲು ಕಣ್ಣಿಗೆ ಬೀಳುವುದು ಚರ್ಚಿಗೆ ಒಂದೇ ಖಜಾನೆ ಇರಲಿಲ್ಲ ಎಂಬ ಸಂಗತಿ. ಚರ್ಚು ಸಂತ ಜಾರ್ಜರದು. ಇಡೀ ಊರಿನ ಪರವಾಗಿ ಮುಖ್ಯ ವಾರ್ಡನ್‌ಗಳು ನಡೆಸುತ್ತಿದ್ದ ದೊಡ್ಡ ನಿಧಿ ಒಂದಾದರೆ, ಅದರ ಪಕ್ಕದಲ್ಲಿ ಮಾತೆ ಮರಿಯಳ ನಿಧಿ, ಸಂತ ಆಂತೋನಿಯ ನಿಧಿ, ಎಕ್ಸೆಟರ್‌ನ ಹುತಾತ್ಮೆ ಸಂತ ಸಿಡ್ವೆಲ್‌ಳ ನಿಧಿ ಎಂದು ಬೇರೆ ಬೇರೆ ನಿಧಿಗಳಿದ್ದವು. ಮದುವೆಯಾಗದ ಹುಡುಗರದೇ ಒಂದು ನಿಧಿ, ಹುಡುಗಿಯರದೇ ಇನ್ನೊಂದು. ಸಂತರ ಪ್ರತಿಮೆಯ ಮುಂದೆ ಮೇಣದ ದೀಪ ಆರದಂತೆ ನೋಡಿಕೊಳ್ಳುವುದು ಈ ನಿಧಿಗಳ ಮುಖ್ಯ ಕೆಲಸ. ಪ್ರತಿಯೊಂದಕ್ಕೂ ತನ್ನದೇ ವಾರ್ಡನ್‌ಗಳು, ತನ್ನದೇ ಆದಾಯ, ವರ್ಷಕ್ಕೊಮ್ಮೆ ಒಪ್ಪಿಸಬೇಕಾದ ತನ್ನದೇ ಲೆಕ್ಕ. ಆಡಳಿತದ ದೃಷ್ಟಿಯಿಂದ ನೋಡಿದರೆ ಇದು ಅನಗತ್ಯ ವಿಸ್ತಾರ. ಒಬ್ಬ ಲೆಕ್ಕಿಗ ಎಲ್ಲವನ್ನೂ ಒಂದೇ ಪುಸ್ತಕದಲ್ಲಿ ಮುಗಿಸಬಹುದಿತ್ತು. ಆ ವಿಸ್ತಾರದಲ್ಲಿಯೇ ಆ ವ್ಯವಸ್ಥೆಯ ಜೀವ ಇತ್ತೆಂದು ನನಗೆ ತೋರುತ್ತದೆ.

ಇದಕ್ಕೆ ಕುರಿಗಳೇ ಸಾಕ್ಷಿ. ನಿಧಿಗಳಿಗೆ ಸೇರಿದ ಕುರಿಗಳಿದ್ದವು. ಅವುಗಳನ್ನು ಮೇಯಿಸಲು ಚರ್ಚಿಗೆ ಹುಲ್ಲುಗಾವಲಿರಲಿಲ್ಲ. ಹಾಗಾಗಿ ಒಂದೊಂದು ಮನೆಗೆ ಒಂದೊಂದರಂತೆ ಹಂಚಿ ಬಿಡುತ್ತಿದ್ದರು. ಮಾತೆ ಮರಿಯಳ ಕುರಿ ಒಬ್ಬರ ಮಂದೆಯಲ್ಲಿ, ಇನ್ನೊಂದು ನಿಧಿಯ ಕುರಿ ಪಕ್ಕದವರ ಮಂದೆಯಲ್ಲಿ ಬೆಳೆಯುತ್ತಿತ್ತು. ಸಾಕುವವರಿಗೆ ಮೇವಿನ ಖರ್ಚು, ಚಳಿಗಾಲದ ಆರೈಕೆ, ಮರಿ ಹಾಕುವಾಗಿನ ನಿದ್ದೆಗೇಡು. ಉಣ್ಣೆ ಮಾರಿದ ಹಣ ನಿಧಿಗೆ. ವರ್ಷದ ಕೊನೆಯಲ್ಲಿ ವಾರ್ಡನ್‌ಗಳು ಕುರಿಗಳ ಲೆಕ್ಕವನ್ನೂ ಒಪ್ಪಿಸುತ್ತಿದ್ದರು. ಯಾರ ಮನೆಯಲ್ಲಿ ಯಾವ ಕುರಿ ಇದೆ, ಮರಿ ಹಾಕಿತೇ, ಸತ್ತುಹೋಯಿತೇ ಎಂಬುದೆಲ್ಲ ಹೆಸರು ಸಮೇತ ದಾಖಲಾಗಿದೆ. ಈ ಒಂದು ಕುರಿಯಲ್ಲಿ ಸಮಯ ಎಷ್ಟು, ಪ್ರತಿಭೆ ಎಷ್ಟು, ಹಣ ಎಷ್ಟು ಎಂದು ಬಿಡಿಸಿ ಹೇಳುವುದು ಹೇಗೆ? ಕೈಯಲ್ಲಿ ನಗದು ಆಡದ ರೈತನೂ ತನಗೆ ಚೆನ್ನಾಗಿ ಗೊತ್ತಿರುವ ಕೆಲಸದಿಂದಲೇ ಕೊಡುವವನಾಗುತ್ತಿದ್ದ. ದಿನಾ ಬೆಳಗ್ಗೆ ತನ್ನ ಹಟ್ಟಿಯಲ್ಲಿಯೇ ಚರ್ಚಿನ ನೆನಪೂ ಅವನಿಗೆ ಆಗುತ್ತಿತ್ತು.

ಎರಡನೆಯ ಸಂಗತಿ ಹೊಣೆಯ ಸರದಿ. ವಾರ್ಡನ್ ಪದವಿ ಮನೆಯಿಂದ ಮನೆಗೆ ಸುತ್ತುತ್ತಿತ್ತು. ಉಳ್ಳವರಿಗೆ ಅದು ಮೀಸಲಾಗಿರಲಿಲ್ಲ; ತುಂಡು ಭೂಮಿಯವರ ಪಾಳಿಯೂ ಬರುತ್ತಿತ್ತು, ಮನೆ ನಡೆಸುತ್ತಿದ್ದ ವಿಧವೆಯರ ಪಾಳಿಯೂ ಬರುತ್ತಿತ್ತು. ಹರೆಯದ ಹುಡುಗ ಹುಡುಗಿಯರು ತಮ್ಮ ನಿಧಿಯ ವಾರ್ಡನ್‌ಗಳಾಗಿ ಹಣ ಎತ್ತುವುದು, ಖರ್ಚು ಮಾಡುವುದು, ಹಿರಿಯರೆದುರು ಲೆಕ್ಕ ಒಪ್ಪಿಸುವುದು ಎಲ್ಲವನ್ನೂ ಮಾಡಬೇಕಿತ್ತು. ಮುಖ್ಯ ವಾರ್ಡನ್‌ಗಳೂ ಹುಡುಗರೂ ತಮ್ಮ ತಮ್ಮ ಪಾಲಿನ ಏಲ್ ಕೂಟ ನಡೆಸುತ್ತಿದ್ದರು. ಚರ್ಚ್ ಮನೆಯಲ್ಲಿ ಬಿಯರ್ ಕಾಯಿಸಿ, ಅಡುಗೆ ಮಾಡಿ, ನೆರೆಯೂರಿನವರನ್ನೂ ಕರೆದು, ತಿಂದು ಕುಡಿದು ನಲಿಯುವ ಕೂಟ ಅದು, ಲಾಭ ನಿಧಿಗೆ. ಚರ್ಚಿನ ಆದಾಯದಲ್ಲಿ ಈ ಕೂಟಗಳ ಪಾಲು ದೊಡ್ಡದಿತ್ತು. ದಾನದ ಇತಿಹಾಸ ಬರೆಯುವವರು ತ್ಯಾಗವನ್ನೇ ಹುಡುಕುತ್ತಾ ಹೋಗಿ ಈ ಸಂತೋಷವನ್ನು ಕಡೆಗಣಿಸಬಾರದು. ಒಟ್ಟಿಗೆ ಉಂಡವರು ಒಟ್ಟಿಗೆ ಕೊಡುತ್ತಾರೆ.

ಮೂರನೆಯದು, ಲೆಕ್ಕವನ್ನು ಗಟ್ಟಿಯಾಗಿ ಓದುವ ಪದ್ಧತಿ. ಈ ಪುಸ್ತಕ ಪೆಟ್ಟಿಗೆಯಲ್ಲಿ ಮುಚ್ಚಿಡಲು ಬರೆದದ್ದಾಗಿರಲಿಲ್ಲ. ವರ್ಷಕ್ಕೊಮ್ಮೆ ಊರವರ ಮುಂದೆ ಧರ್ಮಗುರು ಅದನ್ನು ಓದಿ ಹೇಳುತ್ತಿದ್ದರು. ಬರವಣಿಗೆಯ ಧಾಟಿಯಲ್ಲಿಯೇ ಅದು ಕೇಳಿಸುತ್ತದೆ: ಡೆವನ್‌ನ ಆಡುಮಾತು, ಊರವರನ್ನು ಉದ್ದೇಶಿಸಿ ಮಾತಾಡುವ ರೀತಿ, ಸಣ್ಣ ಕೊಡುಗೆಯನ್ನೂ ಹೆಸರು ಹಿಡಿದು ನೆನೆಯುವ ಔದಾರ್ಯ. ಸಂತ ಸಿಡ್ವೆಲ್‌ಳಿಗೆ ಹೆಂಗಸರು ಅರ್ಪಿಸಿದ ಜಪಮಾಲೆ, ಉಂಗುರಗಳಿಗೂ ಅಲ್ಲಿ ಜಾಗವಿದೆ. ಒಮ್ಮತಕ್ಕೆ ಅವರು ಎಷ್ಟು ಬೆಲೆ ಕೊಡುತ್ತಿದ್ದರೆಂದರೆ, ಚರ್ಚಿನ ಸೇವಕನಿಗೆ ಪ್ರತಿ ಮನೆ ಕೊಡಬೇಕಾದ ಸಂಬಳದ ಪಾಲಿನ ಬಗ್ಗೆ ಎದ್ದ ಜಗಳ ವರ್ಷಗಟ್ಟಲೆ ಎಳೆದು, 1536ರಲ್ಲಿ ಎಲ್ಲರೂ ಒಪ್ಪಿದ ಮೇಲಷ್ಟೇ ಮುಗಿಯಿತು.

ಈ ವ್ಯವಸ್ಥೆಯ ಬಲ ತಿಳಿದದ್ದು 1534ರ ನವೆಂಬರಿನಲ್ಲಿ. ರಾತ್ರಿ ಕಳ್ಳನೊಬ್ಬ ಚರ್ಚಿಗೆ ನುಗ್ಗಿ ಬಲಿಪೂಜೆಯ ಪಾನಪಾತ್ರೆಯನ್ನೂ ಸಂತ ಸಿಡ್ವೆಲ್‌ಳ ಪ್ರತಿಮೆಯ ಬೆಳ್ಳಿಯ ಪಾದರಕ್ಷೆಯನ್ನೂ ಹೊತ್ತೊಯ್ದ. ಹೊಸ ಪಾನಪಾತ್ರೆ ಊರಿಗೆ ಭಾರಿ ಖರ್ಚು. ಊರಿನ ಹುಡುಗರೂ ಹುಡುಗಿಯರೂ ತಾವೇ ಒಟ್ಟು ಸೇರಿ, ತಮ್ಮೊಳಗೇ ಹಣ ಕೂಡಿಸಿ, ಊರಿಗೆ ಒಂದು ಕಾಸೂ ಹೊರೆಯಾಗದಂತೆ ಹೊಸ ಪಾತ್ರೆ ತಂದರು. ಟ್ರಿಕಿ ಇದನ್ನು ಹೆಮ್ಮೆಯಿಂದ ದಾಖಲಿಸಿದ್ದಾರೆ. ಧರ್ಮಗುರುವಿನ ಒಂದು ಪ್ರಸಂಗಕ್ಕೆ ಮನಕರಗಿ ಇಷ್ಟು ಮಾಡಿದರೆಂದು ಹೇಳಿ ಮುಗಿಸಲು ಆಗದು. ಹಣ ಎತ್ತಿ, ಲೆಕ್ಕ ಇಟ್ಟು, ಹಿರಿಯರೆದುರು ನಿಂತು ಉತ್ತರ ಕೊಟ್ಟು ವರ್ಷಾನುವರ್ಷ ಪಳಗಿದ ಕೈಗಳು ಅವರವು. ಕೊಡುವ ಮನಸ್ಸಿಗೆ ಬೇಕಾದ ಅಭ್ಯಾಸ ಮೊದಲೇ ಇತ್ತು.

ಧರ್ಮಗುರುವೂ ಕೇವಲ ಕೇಳುವವರಾಗಿರಲಿಲ್ಲ. ಚರ್ಚ್ ಕುರಿಗಳ ಉಣ್ಣೆಯಲ್ಲಿ ತಮಗೆ ನ್ಯಾಯವಾಗಿ ಬರಬೇಕಾದ ದಶಾಂಶವನ್ನು ಟ್ರಿಕಿ ತೆಗೆದುಕೊಳ್ಳದೆ, ಸತ್ತವರಿಗಾಗಿ ನಡೆಸುವ ಪೂಜೆಗೆ ಬೇಕಾದ ಕಪ್ಪು ಪೂಜಾವಸ್ತ್ರಕ್ಕೆಂದು ಬಿಟ್ಟುಕೊಟ್ಟರು. ಸುಮಾರು 20 ವರ್ಷ ಕೂಡಿಸಿದ ಮೇಲೆ 1547ರಲ್ಲಿ ಆ ವಸ್ತ್ರ ಊರಿಗೆ ಬಂತು. ಸತ್ತವರಿಗಾಗಿ ಪೂಜೆ ಅರ್ಪಿಸುವ ಪದ್ಧತಿಯನ್ನೇ ಅರಮನೆ ಕಿತ್ತುಹಾಕಲು ಹೊರಟ ಕಾಲ ಅದು.

ಇಲ್ಲಿ ಎರಡು ಎಚ್ಚರಿಕೆ ಬೇಕು. ಮೊದಲನೆಯದಾಗಿ, ಲೆಕ್ಕದ ದನಿ ಒಬ್ಬರದೇ, ಅದೂ ಊರ ಒಗ್ಗಟ್ಟನ್ನು ತುಂಬಾ ಬಯಸಿದ ಒಬ್ಬ ಧರ್ಮಗುರುವಿನದು. ಅವರು ಹೊಗಳಿದ್ದನ್ನೆಲ್ಲ ಊರವರ ಒಳಮನಸ್ಸೆಂದು ಓದಬಾರದು. ಎರಡನೆಯದಾಗಿ, ಕೊಡುಗೆಯೆಲ್ಲ ಸ್ವಇಚ್ಛೆಯದಾಗಿರಲಿಲ್ಲ. ದಶಾಂಶ ಕಾನೂನಿನ ಬಾಧ್ಯತೆ. ಪಾಳಿ ಬಂದಾಗ ವಾರ್ಡನ್ ಆಗಲು ಒಲ್ಲೆ ಎನ್ನುವುದೂ 33 ಮನೆಗಳ ಊರಲ್ಲಿ ಸುಲಭವಿರಲಾರದು. ಸುಮಾರು ಕ್ರಿ.ಶ. 197ರಲ್ಲಿ ಕಾರ್ಥೇಜಿನ ತೆರ್ತುಲಿಯನ್, ಕ್ರೈಸ್ತರ ಮಾಸಿಕ ಕಾಣಿಕೆಯಲ್ಲಿ ಬಲವಂತವಿಲ್ಲ, ಆ ಹಣ ಬಡವರ ಅನ್ನಕ್ಕೂ ಅವರ ಶವಸಂಸ್ಕಾರಕ್ಕೂ ಅನಾಥ ಮಕ್ಕಳಿಗೂ ಹೋಗುತ್ತದೆ ಎಂದು ವಾದಿಸಿದ್ದ. ಆ ಮಾತಿನ ನಿರ್ಮಲತೆಯನ್ನು ಮೋರ್‌ಬಾತ್‌ಗೆ ಹಾಗೆಯೇ ಹೊದಿಸಲಾಗದು. ಇಷ್ಟಾದರೂ, ಹೊಣೆ ಹೊತ್ತವರೇ ಕೊಡುವವರಾಗುತ್ತಾರೆ ಎಂಬ ನನ್ನ ವಾದ ನಿಲ್ಲುತ್ತದೆ. ಏಕೆಂದರೆ ಅದಕ್ಕೆ ಬೇಕಾದ ಗಟ್ಟಿ ಪುರಾವೆ 1538ರ ನಂತರದ ಹತ್ತು ಹನ್ನೆರಡು ವರ್ಷಗಳ ಕುಸಿತದಲ್ಲಿದೆ.

1538ರ ರಾಜಾಜ್ಞೆ ಪ್ರತಿಮೆಗಳ ಮುಂದಿನ ದೀಪಗಳನ್ನು ಆರಿಸಿತು. ದೀಪವಿಲ್ಲದ ಮೇಲೆ ದೀಪದ ನಿಧಿಗೆ ಕೆಲಸವಿಲ್ಲ. ಒಂದೊಂದಾಗಿ ಅವು ಸೊರಗಿದವು. ಎಡ್ವರ್ಡ್ ಪಟ್ಟಕ್ಕೆ ಬಂದ ಮೇಲೆ 1548ರ ಹೊತ್ತಿಗೆ ಉಳಿದವೂ ಮುಗಿದವು. ಕುರಿಗಳನ್ನು ಮಾರಿದರು. ಏಲ್ ಕೂಟಗಳು ನಿಂತವು. ಹುಡುಗರಿಗೂ ಹುಡುಗಿಯರಿಗೂ ಚರ್ಚಿನಲ್ಲಿ ಮಾಡಲು ಏನೂ ಉಳಿಯಲಿಲ್ಲ. ಊರಿನ ಜನ ಅವರೇ, ಹೊಲ ಅವೇ, ಧರ್ಮಗುರುವೂ ಅವರೇ. ಆದರೂ ಧರ್ಮಕೇಂದ್ರ ಬರಿಗೈಯಾಗಿ ಸಾಲಕ್ಕೆ ಬಿತ್ತು. ಮೇಲಿನಿಂದ ಬಂದ ಹೊಸ ಖರ್ಚುಗಳೂ ಇದಕ್ಕೆ ಕಾರಣವೇ. ಆದರೆ 1549ರಲ್ಲಿ ಪಶ್ಚಿಮ ಪ್ರಾಂತ್ಯಗಳು ಹೊಸ ಪ್ರಾರ್ಥನಾ ಪುಸ್ತಕದ ವಿರುದ್ಧ ದಂಗೆ ಎದ್ದಾಗ ಮೋರ್‌ಬಾತ್ ತನ್ನ ಐವರು ಯುವಕರನ್ನು ಖರ್ಚು ಕೊಟ್ಟು ಎಕ್ಸೆಟರ್ ಹೊರಗಿನ ಬಂಡಾಯದ ಪಾಳಯಕ್ಕೆ ಕಳುಹಿಸಿತ್ತು. ಬಡತನವೊಂದೇ ಕಾರಣವಾಗಿದ್ದರೆ ಆ ಐವರಿಗೆ ಹಣ ಹುಟ್ಟುತ್ತಿರಲಿಲ್ಲ. ಹೊಣೆ ಹೊರುವ ಜಾಗಗಳು ಇಲ್ಲವಾದಾಗ ಕೊಡುವ ದಾರಿಗಳೂ ಮುಚ್ಚಿಹೋದವು ಎಂಬುದೇ ಹೆಚ್ಚು ಒಪ್ಪುವ ವಿವರಣೆ. 1553ರಲ್ಲಿ ಮೇರಿ ರಾಣಿಯಾಗಿ ಹಳೆಯ ಪೂಜಾವಿಧಿ ಮರಳಿದಾಗ, ಊರವರು ಮನೆಗಳಲ್ಲಿ ಕಾಪಾಡಿಕೊಂಡಿದ್ದ ಪ್ರತಿಮೆಗಳ ಭಾಗಗಳನ್ನೂ ವಸ್ತ್ರಗಳನ್ನೂ ತಂದೊಪ್ಪಿಸಿದರು. ಟ್ರಿಕಿ ಅವರ ಹೆಸರುಗಳನ್ನು ಒಂದೊಂದಾಗಿ ಬರೆದುಕೊಂಡರು.

ಇಂದಿನ ಕಥೋಲಿಕ ಧರ್ಮಸಭೆಯ ಕಾನೂನು ಈ ಅನುಭವಕ್ಕೆ ದೂರದ್ದಲ್ಲ. 1983ರ ಸಂಹಿತೆಯ 222ನೆಯ ವಿಧಿ ಧರ್ಮಸಭೆಯ ಅಗತ್ಯಗಳಿಗೆ ನೆರವಾಗುವುದು ಭಕ್ತರ ಕರ್ತವ್ಯ ಎನ್ನುತ್ತದೆ. ಇದನ್ನು ಪೀಠದಿಂದ ಆಗಾಗ ಕೇಳುತ್ತೇವೆ. ಅಷ್ಟೇ ಸ್ಪಷ್ಟವಾದ ಇನ್ನೂ ಮೂರು ವಿಧಿಗಳಿವೆ. ಪ್ರತಿ ಧರ್ಮಕೇಂದ್ರದಲ್ಲಿ ಆರ್ಥಿಕ ಸಮಿತಿ ಇರಲೇಬೇಕು (537). ಒಂದು ಉದ್ದೇಶಕ್ಕೆಂದು ಕೊಟ್ಟ ಕಾಣಿಕೆಯನ್ನು ಆ ಉದ್ದೇಶಕ್ಕೇ ಬಳಸಬೇಕು (1267). ಭಕ್ತರು ಕೊಟ್ಟದ್ದರ ಲೆಕ್ಕವನ್ನು ಭಕ್ತರಿಗೆ ಒಪ್ಪಿಸಬೇಕು (1287). ಮೊದಲ ವಿಧಿಯನ್ನು ನೆನಪಿಸುವವರು ಉಳಿದ ಮೂರನ್ನೂ ಅದೇ ದನಿಯಲ್ಲಿ ನೆನಪಿಸಬೇಕೆಂಬುದು ನನ್ನ ಬಲವಾದ ಅಭಿಪ್ರಾಯ. ಮೋರ್‌ಬಾತ್‌ನ ರೈತರು ಈ ನಾಲ್ಕನ್ನೂ ಸಂಹಿತೆಯ ನೆರವಿಲ್ಲದೆ ನಡೆಸಿದ್ದರು.

ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿಯೂ, ಕೆಲಸ ಮೊದಲೋ ಹಣ ಮೊದಲೋ ಎಂಬ ಇದೇ ಪ್ರಶ್ನೆಯನ್ನು ಕೇಳಲು ತಕ್ಕ ವ್ಯವಸ್ಥೆಯಿದೆ. ಮಂಗಳೂರು, ಉಡುಪಿ ಧರ್ಮಪ್ರಾಂತ್ಯಗಳಲ್ಲಿ ಧರ್ಮಕೇಂದ್ರವನ್ನು ವಾಳೆಗಳಾಗಿ ವಿಂಗಡಿಸಿ ಒಂದೊಂದಕ್ಕೂ ಗುರ್ಕಾರ ಎಂಬ ಮುಖಂಡರನ್ನು ನೇಮಿಸುವ ಪದ್ಧತಿ ಹಳೆಯದು. ಚರ್ಚಿನ ಕಾಣಿಕೆ, ಹಬ್ಬದ ಕೆಲಸ, ಸಾವುನೋವಿನ ನೆರವು ಎಲ್ಲವೂ ವಾಳೆಯ ಮಟ್ಟದಲ್ಲಿಯೇ ಕೂಡುತ್ತಿದ್ದವು. 1784ರಲ್ಲಿ ಟಿಪ್ಪುವಿನ ಸೈನ್ಯ ಇಲ್ಲಿನ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಬಹುತೇಕ ಚರ್ಚುಗಳು ನೆಲಸಮವಾದವು. 1799ರ ನಂತರ ಮರಳಿ ಬಂದವರು ಅವುಗಳನ್ನು ಮತ್ತೆ ಕಟ್ಟಿದರು. ಹಾಗೆ ಕಟ್ಟಿದ ಚರ್ಚುಗಳ ಕಪಾಟುಗಳಲ್ಲಿ ಕಾಣಿಕೆಯ ಪುಸ್ತಕ, ವಾಳೆಯ ಪಟ್ಟಿ, ಹಬ್ಬದ ಖರ್ಚಿನ ಚೀಟಿ ಏನೇ ಉಳಿದಿದ್ದರೂ ಅದು ಈ ನಾಡಿನ ಸಾಮಾನ್ಯ ಜನರ ಇತಿಹಾಸಕ್ಕೆ ಬೆಲೆಬಾಳುವ ಆಕರ. ಜನನ, ಮದುವೆಗಳ ದಾಖಲೆಯನ್ನು ಜೋಪಾನ ಮಾಡುವಷ್ಟೇ ಕಾಳಜಿಯಿಂದ ಈ ಲೆಕ್ಕದ ಪುಸ್ತಕಗಳನ್ನೂ ಉಳಿಸಿ ಎಂದು ಧರ್ಮಗುರುಗಳಲ್ಲಿ, ಪಾಲನಾ ಮಂಡಳಿಗಳಲ್ಲಿ ನನ್ನ ವಿನಂತಿ. ಹೊಸ ಕಟ್ಟಡ ಕಟ್ಟುವಾಗ, ಕಪಾಟು ಖಾಲಿ ಮಾಡುವಾಗ ಗೆದ್ದಲು ಹಿಡಿದ ಹಳೆಯ ಪುಸ್ತಕವೆಂದು ಎಸೆಯುವ ಮೊದಲು ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೆ ಒಮ್ಮೆ ತೋರಿಸಿ.